ಸಾಲಕ್ಕೆ ಜಮಾ ಆದ ಪಿಂಚಣಿ

ವೃದ್ಧಾಪ್ಯ ವೇತನ, ಬೆಳೆ ಪರಿಹಾರ, ಉದ್ಯೋಗ ಖಾತ್ರಿಯ ಕೂಲಿ ಇವೆಲ್ಲ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗಲು ಶುರುವಾದ ಮೇಲೆ ನಡುವೆ ಕೈಯಾಡಿಸುವವರ ಸಂಖ್ಯೆ ಕಡಿಮೆಯಾಯಿತು ಎಂಬುದನ್ನು ನಾನು ಸಂತೋಷದಿಂದಲೇ ಒಪ್ಪುತ್ತೇನೆ. ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದು, ಕಟ್ಟೆಯ ಮೇಲೆ ಕೂತು ಎಣಿಸಿ ಕೊಟ್ಟು, ಚಹಾಕ್ಕೆಂದು ಹತ್ತೋ ಇಪ್ಪತ್ತೋ ಉಳಿಸಿಕೊಳ್ಳುತ್ತಿದ್ದ ಕಾಲ ಹೋಯಿತು. ಆದರೆ ಈಗಿನ ಏರ್ಪಾಟಿನಲ್ಲಿ ಹಣ ಫಲಾನುಭವಿಯ ಕೈ ಸೇರುವ ಮೊದಲು ಬ್ಯಾಂಕಿನ ಕಂಪ್ಯೂಟರನ್ನು ಹಾದು ಬರಬೇಕು. ಆ ಫಲಾನುಭವಿ ಅದೇ ಬ್ಯಾಂಕಿನಲ್ಲಿ ಸಾಲ ಉಳಿಸಿಕೊಂಡಿದ್ದರೆ, ಸರ್ಕಾರ ಹೊಟ್ಟೆಪಾಡಿಗೆಂದು ಕಳಿಸಿದ ಹಣ ಬಂದ ದಿನವೇ ಸಾಲದ ಖಾತೆಗೆ ಸರಿದುಹೋಗುವುದು, ಇಲ್ಲವೇ ಖಾತೆಯಲ್ಲೇ ಇದ್ದರೂ ತೆಗೆಯಲು ಬಾರದಂತೆ ‘ಹೋಲ್ಡ್’ ಆಗುವುದು ನಮ್ಮ ಕಡೆ ಅಪರೂಪದ ಸಂಗತಿಯಲ್ಲ.

ನೌಕರಿಯ ಬಹುಭಾಗವನ್ನು ಉತ್ತರ ಕರ್ನಾಟಕದ ಗ್ರಾಮೀಣ ಶಾಖೆಗಳಲ್ಲಿ ಕಳೆದು ನಿವೃತ್ತನಾದ ನನಗೆ ಈ ವಿಷಯದಲ್ಲಿ ಹೇಳಬೇಕೆನಿಸುವುದು ಒಂದೇ. ಇಂಥ ಹಣಕ್ಕೆ ರಕ್ಷಣೆ ಕೊಡುವ ಕಾನೂನು ನಮ್ಮಲ್ಲಿ ನೂರೈವತ್ತು ವರ್ಷಗಳಿಂದ ಇದೆ. ಆದರೆ ಅದು ಎದ್ದು ಕೆಲಸ ಮಾಡುವುದು ಯಾರಾದರೂ ಅರ್ಜಿ ಬರೆದು ತಕರಾರು ಎತ್ತಿದಾಗ ಮಾತ್ರ, ಹಿಡಿಯುವ ಕೆಲಸವನ್ನಾದರೋ ಯಂತ್ರ ಯಾರನ್ನೂ ಕೇಳದೆ ಮಾಡುತ್ತದೆ. ಯಂತ್ರ ಹಿಡಿಯಬಲ್ಲದಾದರೆ ಯಂತ್ರವೇ ಬಿಡಬಲ್ಲದು ಎಂಬುದು ನನ್ನ ವಾದ.

ಶಾಖೆಯೊಳಗೆ ಇದು ಹೇಗೆ ನಡೆಯುತ್ತದೆಂಬುದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಶಾಖೆಗಳ ಲೆಕ್ಕವನ್ನು ಒಂದೇ ಕಂಪ್ಯೂಟರ್ ಜಾಲಕ್ಕೆ ತಂದ ಕೋರ್ ಬ್ಯಾಂಕಿಂಗ್ ಬಂದ ಮೇಲೆ ಒಬ್ಬ ಗ್ರಾಹಕನ ಉಳಿತಾಯ ಖಾತೆ, ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ, ಯಾರಿಗೋ ಹಾಕಿದ ಜಾಮೀನು ಎಲ್ಲವೂ ಒಂದೇ ಗ್ರಾಹಕ ಸಂಖ್ಯೆಯ ಕೆಳಗೆ ಬರುತ್ತವೆ. ಸಾಮಾನ್ಯ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ, ಅಲ್ಪಾವಧಿ ಬೆಳೆಯ ಸಾಲವಾದರೆ ಎರಡು ಹಂಗಾಮು ದಾಟಿದರೆ, ಆ ಖಾತೆ ಎನ್‌ಪಿಎ, ಅಂದರೆ ವಸೂಲಿ ನಿಂತ ಸಾಲ, ಎನಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಶಾಖೆಯವರ ಮುಂದೆ ಮೂರು ದಾರಿಗಳಿರುತ್ತವೆ. ಉಳಿತಾಯ ಖಾತೆಯಲ್ಲಿ ಇಂತಿಷ್ಟು ಮೊತ್ತಕ್ಕೆ ‘ಲಿಯನ್’ ಹಾಕಬಹುದು, ಆಗ ಅಷ್ಟು ಹಣ ಕಣ್ಣಿಗೆ ಕಂಡರೂ ಕೈಗೆ ಸಿಗದು. ಇಡೀ ಖಾತೆಯನ್ನೇ ‘ಡೆಬಿಟ್ ಫ್ರೀಜ್’ ಮಾಡಬಹುದು, ಆಗ ಹಣ ಬರುತ್ತಿರುತ್ತದೆ, ಹೊರಗೆ ಮಾತ್ರ ಹೋಗದು. ಮೂರನೆಯದು ಸಾಲದ ಖಾತೆಗೆ ಈ ಉಳಿತಾಯ ಖಾತೆಯನ್ನು ಜೋಡಿಸಿ ಸ್ವಯಂ ವಸೂಲಿಗೆ ಬಿಡುವುದು. ಹಣ ಬಿದ್ದ ದಿನ ರಾತ್ರಿ ಲೆಕ್ಕ ಮುಗಿಸುವಾಗ ಕಂಪ್ಯೂಟರ್ ತಾನೇ ಎಳೆದುಕೊಳ್ಳುತ್ತದೆ. ಮೊದಲ ಎರಡಕ್ಕೆ ಒಬ್ಬ ನೌಕರ ಗುಂಡಿ ಒತ್ತಬೇಕು, ಇನ್ನೊಬ್ಬ ಒಪ್ಪಿಗೆ ಕೊಡಬೇಕು. ಮೂರನೆಯದಕ್ಕೆ ಒಮ್ಮೆ ಜೋಡಿಸಿದರೆ ಮುಗಿಯಿತು, ಮುಂದೆ ಯಾರೂ ಅದನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಇದು ಕೌಂಟರಿನ ಈಚೆ ಬದಿಯಿಂದ ಹೇಗೆ ಕಾಣುತ್ತದೆಂಬುದನ್ನು ನಿವೃತ್ತನಾದ ಮೇಲೆ ನೋಡಿದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಪಾಸ್‌ಬುಕ್ ಹಿಡಿದು ಮನೆಗೆ ಬಂದರು. “ಸಾಹೇಬ್ರ, ಎಲ್ಲಾರಿಗೂ ಪಗಾರ ಬಂದೈತಿ, ನಂದೊಂದ ಬಂದಿಲ್ರಿ. ತಹಶೀಲ್ದಾರ್ ಆಫೀಸ್‌ನ್ಯಾಗ ಕೇಳಿದ್ರ ಬಂದೈತಿ ಅಂತಾರ” ಎಂದರು. ಪಾಸ್‌ಬುಕ್ ಬಿಡಿಸಿ ನೋಡಿದರೆ ಇಬ್ಬರ ಮಾತೂ ಸರಿಯಾಗಿತ್ತು. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಜಮಾ ಆಗಿದೆ. ಅದರ ಕೆಳಗಿನ ಸಾಲಿನಲ್ಲಿ, ಅದೇ ತಾರೀಖಿನಲ್ಲಿ, 1,200 ರೂಪಾಯಿ ಖರ್ಚು ಬಿದ್ದು ಪಕ್ಕದಲ್ಲಿ ಸಾಲದ ಖಾತೆಯ ಸಂಖ್ಯೆ ಅಚ್ಚಾಗಿದೆ. ಹಿಂದಿನ ಪುಟದಲ್ಲೂ ಅದೇ ಜೋಡಿ ಸಾಲುಗಳು. ಗಂಡ ಬದುಕಿದ್ದಾಗ ಇಬ್ಬರೂ ಹೆಬ್ಬೆಟ್ಟು ಒತ್ತಿ ತೆಗೆದಿದ್ದ ಬೆಳೆ ಸಾಲ ಅದು. ಶಾಖೆಗೆ ಹೋಗಿ ಕೇಳಿದಾಗ ಅಲ್ಲಿದ್ದ ಹುಡುಗ, ನನ್ನ ಮೊಮ್ಮಗನ ವಯಸ್ಸಿನವನು, ಬಹಳ ಮರ್ಯಾದೆಯಿಂದಲೇ “ಸರ್, ನಾವೇನೂ ಮಾಡಿಲ್ಲ, ಸಿಸ್ಟಮ್ ತಗೊಂಡಿದೆ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಶಾಖಾ ವ್ಯವಸ್ಥಾಪಕರನ್ನು ಖಳನಾಯಕರಂತೆ ಚಿತ್ರಿಸುವ ಇಷ್ಟ ನನಗಿಲ್ಲ. ಮಾರ್ಚ್ ತಿಂಗಳು ಬಂತೆಂದರೆ ವಸೂಲಿಯ ಅಂಕಿ ಕೇಳಿ ಪ್ರಾದೇಶಿಕ ಕಚೇರಿಯಿಂದ ದಿನಕ್ಕೆರಡು ಸಲ ಫೋನ್ ಬರುತ್ತದೆ. ಹೊಲಕ್ಕೆ ಹೋಗಿ ಸಾಲಗಾರನನ್ನು ಕಂಡು ಮಾತಾಡಿಸಿ ಬರುವಷ್ಟು ಸಿಬ್ಬಂದಿ ಶಾಖೆಗಳಲ್ಲಿ ಈಗ ಉಳಿದಿಲ್ಲ. ಹಾಗಿರುವಾಗ ಕೂತಲ್ಲಿಂದಲೇ ಸಿಗುವ ಹಣದತ್ತ ಕೈ ಹೋಗುವುದು ಸಹಜ. ಆದರೆ ಸಹಜವಾದದ್ದೆಲ್ಲ ಕಾನೂನಿಗೆ ಹೊಂದುತ್ತದೆ ಎಂದೇನೂ ಇಲ್ಲ.

ಕಾನೂನಿನ ಮಾತಿಗೆ ಬರೋಣ. 1871ರ ಪಿಂಚಣಿ ಕಾಯ್ದೆ ಬ್ರಿಟಿಷರ ಕಾಲದ್ದಾದರೂ ಇಂದಿಗೂ ಜಾರಿಯಲ್ಲಿದೆ. ಸಲ್ಲಿಸಿದ ಸೇವೆಗಾಗಿ, ಈಗಿನ ಅಶಕ್ತತೆಗಾಗಿ ಅಥವಾ ಅನುಕಂಪದ ಭತ್ಯೆಯಾಗಿ ಸರ್ಕಾರ ಕೊಡುವ ಪಿಂಚಣಿಯನ್ನು ಸಾಲ ಕೊಟ್ಟವರ ಕೋರಿಕೆಯ ಮೇಲೆ ಯಾವ ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲ ಎಂದು ಅದರ 11ನೇ ಕಲಮು ಹೇಳುತ್ತದೆ. ಸೇವಾ ಪಿಂಚಣಿ ಇದರಲ್ಲಿ ಬರುತ್ತದೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಶಕ್ತತೆ, ಅನುಕಂಪ ಎಂಬ ಮಾತುಗಳನ್ನು ನೇರವಾಗಿ ಓದಿದರೆ ವೃದ್ಧಾಪ್ಯ ವೇತನವೂ ಅಂಗವಿಕಲರ ವೇತನವೂ ಅದರೊಳಗೆ ಬರಲೇಬೇಕು ಎಂಬುದು ನನ್ನ ಅಭಿಪ್ರಾಯ. ನಾನು ವಕೀಲನಲ್ಲ, ಆದರೆ ಇಷ್ಟು ಸರಳವಾದ ಮಾತನ್ನು ಬೇರೆ ರೀತಿಯಲ್ಲಿ ಓದುವವರೇ ಕಾರಣ ಹೇಳಬೇಕಾಗುತ್ತದೆ.

ಅದರ ಜೊತೆಗೆ ಸಿಪಿಸಿ ಎಂದು ಎಲ್ಲರೂ ಕರೆಯುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಇದೆ. ಡಿಕ್ರಿಯ, ಅಂದರೆ ಕೋರ್ಟು ಕೊಟ್ಟ ತೀರ್ಪಿನ, ಅಮಲ್ಜಾರಿಯಲ್ಲಿ ಏನನ್ನು ಜಪ್ತಿ ಮಾಡಬಹುದು, ಏನನ್ನು ಮುಟ್ಟಬಾರದು ಎಂಬ ಪಟ್ಟಿ ಅದರಲ್ಲಿದೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ರೈತನ ಉಳುಮೆಯ ಸಾಮಾನು ಮತ್ತು ಎತ್ತುಗಳನ್ನು ಜಪ್ತಿಯಿಂದ ಹೊರಗಿಟ್ಟಿರುವುದು ಆ ಕಲಮೇ. ನಿವೃತ್ತರ ಪಿಂಚಣಿ ಮತ್ತು ಗ್ರಾಚ್ಯುಟಿ, ಭವಿಷ್ಯ ನಿಧಿ, ಸಾರ್ವಜನಿಕ ಭವಿಷ್ಯ ನಿಧಿ, ಜೀವ ವಿಮೆಯ ಹಣ ಕೂಡ ಅದೇ ಪಟ್ಟಿಯಲ್ಲಿವೆ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿ ಪೂರ್ತಿಯಾಗಿ ಜಪ್ತಿಯಿಂದ ಹೊರಗಿದೆ, ಅಂದರೆ 2025-26ರ ದರದಂತೆ ದಿನಕ್ಕೆ 370 ರೂಪಾಯಿ ಲೆಕ್ಕದಲ್ಲಿ ಉದ್ಯೋಗ ಖಾತ್ರಿಯ ಕೆಲಸ ಮಾಡಿದ ಹೆಂಗಸಿನ ಕೂಲಿಯನ್ನು ಯಾವ ಡಿಕ್ರಿದಾರನೂ ಮುಟ್ಟಲಾಗದು. ಸಂಬಳದಾರರಿಗಾದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಪಾಲಿಗೆ ರಕ್ಷಣೆ ಇದೆ. ಆ 1,000 ರೂಪಾಯಿಯ ಮಿತಿಯನ್ನು ನೋಡಿದಾಗಲೆಲ್ಲ, ಈ ಕಾನೂನನ್ನು ತಿದ್ದುವವರು ಸಂತೆಗೆ ಹೋಗಿ ಎಷ್ಟು ದಿನವಾಯಿತೋ ಎಂದು ನನಗೆ ಅನಿಸುತ್ತದೆ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗಾದರೆ ಸಂಬಳದ ಮೂರನೇ ಒಂದು ಪಾಲಿಗೆ ಮಾತ್ರ ರಕ್ಷಣೆ, ಅದು ನ್ಯಾಯವೂ ಹೌದು.

ಬ್ಯಾಂಕಿನವರಿಗೆ ಈ ಕಲಮುಗಳನ್ನು ತೋರಿಸಿದರೆ ಬರುವ ಮೊದಲ ಉತ್ತರ, “ಸಾಲ ತಗೊಳ್ಳುವಾಗ ಅವರೇ ಸಹಿ ಮಾಡಿದಾರಲ್ಲ” ಎಂಬುದು. ಮಾತು ನಿಜ. ಸಾಲದ ಕಾಗದಪತ್ರಗಳ ಕಟ್ಟಿನಲ್ಲಿ, ಸಾಲಗಾರನ ಹೆಸರಿನಲ್ಲಿರುವ ಯಾವುದೇ ಖಾತೆಯ ಯಾವುದೇ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳಬಹುದು ಎಂಬ ಒಂದು ಷರತ್ತು ಇದ್ದೇ ಇರುತ್ತದೆ. ಹೆಬ್ಬೆಟ್ಟು ಒತ್ತುವ ಕೈಗೆ ಅದು ಎಷ್ಟನೇ ಪುಟದಲ್ಲಿದೆಯೆಂಬುದೂ ಗೊತ್ತಿರುವುದಿಲ್ಲ. ಆದರೆ ಕಾನೂನು ಮಾಡಿದವರು ಇದನ್ನು ಮೊದಲೇ ಊಹಿಸಿದ್ದರು. 1871ರ ಕಾಯ್ದೆಯ 12ನೇ ಕಲಮಿನ ಪ್ರಕಾರ, ಇನ್ನೂ ಕೈಗೆ ಬಾರದ ಪಿಂಚಣಿಯ ಮೇಲೆ ಪಿಂಚಣಿದಾರ ಮುಂಗಡವಾಗಿ ಮಾಡಿಕೊಡುವ ಯಾವ ಕರಾರೂ ಊರ್ಜಿತವಲ್ಲ. ಸಿಪಿಸಿಯ 60ನೇ ಕಲಮಿಗೆ 1976ರಲ್ಲಿ ಸೇರಿಸಿದ ಉಪಕಲಮಿನಲ್ಲಿ, ಈ ರಕ್ಷಣೆಯನ್ನು ಬಿಟ್ಟುಕೊಡುತ್ತೇನೆಂದು ಒಬ್ಬ ಬರೆದುಕೊಟ್ಟರೂ ಆ ಒಪ್ಪಂದ ಅಸಿಂಧು ಎಂದು ಸ್ಪಷ್ಟವಾಗಿಯೇ ಇದೆ. ನನ್ನ ಮಟ್ಟಿಗೆ ಇಡೀ ಕಾನೂನಿನಲ್ಲಿ ಬಡವರ ಬಗ್ಗೆ ಅತ್ಯಂತ ತಿಳಿವಳಿಕೆಯಿಂದ ಬರೆದ ಸಾಲುಗಳು ಇವೇ, ಯಾಕೆಂದರೆ ಕಷ್ಟದಲ್ಲಿರುವವನು ಸಾಲ ಸಿಗುವುದಾದರೆ ಯಾವ ಕಾಗದಕ್ಕೂ ಸಹಿ ಹಾಕುತ್ತಾನೆ ಎಂಬುದನ್ನು ಬರೆದವರು ಬಲ್ಲವರಾಗಿದ್ದರು.

ಹಣ ಒಮ್ಮೆ ಖಾತೆಗೆ ಬಿದ್ದ ಮೇಲೆ ಅದು ಪಿಂಚಣಿಯಾಗಿ ಉಳಿಯುತ್ತದೆಯೇ, ಇಲ್ಲವೇ ಬರೀ ಹಣವಾಗುತ್ತದೆಯೇ ಎಂಬುದು ನಿಜವಾಗಿ ಕಗ್ಗಂಟಿನ ಪ್ರಶ್ನೆ. 1976ರಲ್ಲಿ ಜ್ಯೋತಿ ಚಿಟ್ ಫಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭವಿಷ್ಯ ನಿಧಿ ಮತ್ತು ಪಿಂಚಣಿಯ ಹಣ ನೌಕರನ ಕೈ ಸೇರುವವರೆಗೆ ಅದನ್ನು ಜಪ್ತಿ ಮಾಡಲಾಗದು ಎಂದಿತ್ತು. ಕೈ ಸೇರುವುದು ಎಂದರೆ ಏನೆಂಬುದು ಮನಿಯಾರ್ಡರ್ ಕಾಲದಲ್ಲಿ ಸುಲಭವಾಗಿ ತಿಳಿಯುತ್ತಿತ್ತು. ಖಾತೆಗೆ ಜಮಾ ಆಗುವುದೇ ಕೈ ಸೇರುವುದು ಎನ್ನುವುದಾದರೆ ರಕ್ಷಣೆ ಎಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ, ಏಕೆಂದರೆ ಈಗ ಪಿಂಚಣಿ ಬಹುಪಾಲು ಖಾತೆಯ ಮೂಲಕವೇ ಬರುತ್ತದೆ. 2008ರ ನವೆಂಬರ್‌ನಲ್ಲಿ ರಾಧೇಶ್ಯಾಮ್ ಗುಪ್ತಾ ವಿರುದ್ಧ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನಿವೃತ್ತಿಯ ಪಿಂಚಣಿ ಮತ್ತು ಗ್ರಾಚ್ಯುಟಿಯನ್ನು ನಿಶ್ಚಿತ ಠೇವಣಿಯಾಗಿ ಇಟ್ಟಿದ್ದರೂ ಅದರ ಸ್ವರೂಪ ಬದಲಾಗುವುದಿಲ್ಲ, 60ನೇ ಕಲಮಿನ ರಕ್ಷಣೆ ಅದಕ್ಕೆ ಮುಂದುವರಿಯುತ್ತದೆ ಎಂದು ತೀರ್ಪು ಕೊಟ್ಟಿತು. ಠೇವಣಿಯಾದ ಮೇಲೂ ಪಿಂಚಣಿ ಪಿಂಚಣಿಯೇ ಆಗಿ ಉಳಿಯುವುದಾದರೆ, ಉಳಿತಾಯ ಖಾತೆಯಲ್ಲಿ ನಿನ್ನೆ ಬಿದ್ದ 1,200 ರೂಪಾಯಿಗೆ ಏನಾಗಬೇಕೆಂಬುದಕ್ಕೆ ದೊಡ್ಡ ಚರ್ಚೆ ಬೇಕಾಗಿಲ್ಲ. 2020ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಹೆಚ್ಚು ಪಿಂಚಣಿ ಪಾವತಿಯಾಗಿದೆ ಎಂದು ವೃದ್ಧರೊಬ್ಬರ ಪಿಂಚಣಿಯಲ್ಲಿ ತಾನಾಗಿಯೇ ಕಡಿತ ಶುರುಮಾಡಿದ್ದ ಬ್ಯಾಂಕಿಗೆ, ಅವರ ಒಪ್ಪಿಗೆಯಿಲ್ಲದೆ ಅವರ ಖಾತೆಯಿಂದ ಹೀಗೆ ಹಣ ತೆಗೆಯುವ ಅಧಿಕಾರವಿಲ್ಲ ಎಂದು ಹೇಳಿ 50,000 ರೂಪಾಯಿ ವೆಚ್ಚವನ್ನೂ ವಿಧಿಸಿತು.

ಇಷ್ಟೆಲ್ಲ ಇದ್ದೂ ಬ್ಯಾಂಕುಗಳಿಗೆ ನುಸುಳಲು ಜಾಗ ಉಳಿದಿರುವುದು ಯಾಕೆ? ಮೇಲೆ ಹೇಳಿದ ಎರಡೂ ಕಾನೂನುಗಳು ಮಾತಾಡುವುದು ನ್ಯಾಯಾಲಯದ ಜಪ್ತಿಯ ಬಗ್ಗೆ. ಬ್ಯಾಂಕು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ, 1872ರ ಕರಾರು ಕಾಯ್ದೆಯ 171ನೇ ಕಲಮಿನ ಹಕ್ಕು, ಹಳೆಯ ಬ್ಯಾಂಕಿಂಗ್ ಪದ್ಧತಿ, ಸಾಲಪತ್ರದ ಷರತ್ತು ಇವುಗಳ ಬಲದ ಮೇಲೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಸರಿಸಿದರೆ ಅದನ್ನು ಜಪ್ತಿ ಎನ್ನಲಾಗದು ಎಂಬುದು ಅವರ ವಾದ. ಸಾಲ ಕೊಟ್ಟ ಹೊರಗಿನವನು ಕೋರ್ಟಿಗೆ ಹೋಗಿ ಡಿಕ್ರಿ ತಂದರೂ ಮುಟ್ಟಲಾಗದ ಹಣವನ್ನು, ಕೋರ್ಟಿಗೇ ಹೋಗದ ಬ್ಯಾಂಕು ಮುಟ್ಟಬಹುದು ಎಂದಾಯಿತು. ನ್ಯಾಯಾಲಯಕ್ಕೂ ಇಲ್ಲದ ಅಧಿಕಾರ ಗುಂಡಿಯೊಂದಕ್ಕೆ ಇದೆ ಎನ್ನುವ ಈ ತರ್ಕವನ್ನು ನಾನು ನೌಕರಿಯಲ್ಲಿದ್ದಾಗಲೂ ಒಪ್ಪಿರಲಿಲ್ಲ.

ನಮ್ಮ ರಾಜ್ಯದಲ್ಲಿ ಈ ವಿಷಯ ದೊಡ್ಡ ಸುದ್ದಿಯಾದದ್ದು 2024ರ ಬೇಸಿಗೆಯಲ್ಲಿ. 2023ರ ಮುಂಗಾರು ಕೈಕೊಟ್ಟು 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಕೇಂದ್ರದ ಪರಿಹಾರಕ್ಕಾಗಿ ರಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಕೊನೆಗೆ ಏಪ್ರಿಲ್ ಅಂತ್ಯದಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ, ರೈತರ ಆಧಾರ್ ಜೋಡಿಸಿದ ಖಾತೆಗಳಿಗೆ ಬೀಳತೊಡಗಿತು. ಬಿದ್ದ ಕೆಲವೇ ದಿನಗಳಲ್ಲಿ ಹಲವು ಜಿಲ್ಲೆಗಳಿಂದ ಒಂದೇ ದೂರು ಕೇಳಿಬಂತು: ಪರಿಹಾರದ ಹಣ ಸಾಲಕ್ಕೆ ಜಮಾ ಆಗಿದೆ. ಮುಂಗಾರು ಬಿತ್ತನೆಯ ಹೊತ್ತಿಗೆ ಬೀಜ ಗೊಬ್ಬರಕ್ಕೆ ಆಗಬೇಕಾದ ಹಣ ಅದು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಾಗೆ ಮಾಡಬಾರದೆಂದು ಬ್ಯಾಂಕುಗಳಿಗೆ ಸೂಚಿಸಿದರು, ಜಿಲ್ಲಾಧಿಕಾರಿಗಳು ಬ್ಯಾಂಕ್ ಅಧಿಕಾರಿಗಳನ್ನು ಕರೆಸಿ ಸಭೆ ನಡೆಸಿದರು. ಅದು ಒಳ್ಳೆಯದೇ ಆಯಿತು. ಆದರೆ ಜಿಲ್ಲಾಧಿಕಾರಿಯ ಮಾತು ಆ ವರ್ಷಕ್ಕೆ, ಆ ಜಿಲ್ಲೆಗೆ, ಆ ಒಂದು ಪರಿಹಾರಕ್ಕೆ ಮುಗಿಯುತ್ತದೆ. ಅಧಿಕಾರಿ ಬದಲಾದರೆ ಅಥವಾ ಯೋಜನೆ ಬದಲಾದರೆ ಮತ್ತೆ ದೂರು, ಮತ್ತೆ ಸಭೆ. ಸಾಲದ ಖಾತೆಗೆ ಜೋಡಿಸಿದ ಸ್ವಯಂ ವಸೂಲಿಯ ಸೂಚನೆ ಮಾತ್ರ ಕಂಪ್ಯೂಟರಿನಲ್ಲಿ ಹಾಗೆಯೇ ಇರುತ್ತದೆ.

ಬೇರೆ ದೇಶಗಳೂ ಈ ತೊಡಕನ್ನು ಕಂಡಿವೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಯ ಹಣವನ್ನು ಸಾಲ ಕೊಟ್ಟ ಸಾಮಾನ್ಯರು ಹಿಡಿಯುವಂತಿಲ್ಲ ಎಂಬ ಕಾನೂನು ದಶಕಗಳಿಂದ ಇತ್ತು. ಆದರೂ ಕ್ರೆಡಿಟ್ ಕಾರ್ಡ್ ಬಾಕಿಗೋ ಆಸ್ಪತ್ರೆಯ ಬಿಲ್ಲಿಗೋ ಕೋರ್ಟಿನ ಆದೇಶ ಬಂದಾಗ ಬ್ಯಾಂಕುಗಳು ಮೊದಲು ಇಡೀ ಖಾತೆಯನ್ನು ಸ್ತಂಭನಗೊಳಿಸುತ್ತಿದ್ದವು, ಅದರಲ್ಲಿರುವುದು ಪಿಂಚಣಿಯ ಹಣವೆಂದು ಸಾಬೀತು ಮಾಡುವ ಭಾರ ಮುದುಕರ ಮೇಲೆ ಬೀಳುತ್ತಿತ್ತು. 2011ರ ಮೇ 1ರಿಂದ ಜಾರಿಗೆ ಬಂದ ನಿಯಮ ಈ ಕ್ರಮವನ್ನು ತಲೆಕೆಳಗು ಮಾಡಿತು. ಜಪ್ತಿಯ ಆದೇಶ ಬಂದ ಎರಡು ಕೆಲಸದ ದಿನಗಳೊಳಗೆ ಬ್ಯಾಂಕು ತಾನೇ ಹಿಂದಿನ ಎರಡು ತಿಂಗಳ ಲೆಕ್ಕ ನೋಡಬೇಕು, ಆ ಅವಧಿಯಲ್ಲಿ ಬಂದ ಸರ್ಕಾರಿ ಸೌಲಭ್ಯದ ಮೊತ್ತ ಅಥವಾ ಖಾತೆಯಲ್ಲಿ ಉಳಿದಿರುವ ಹಣ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟನ್ನು ಮುಟ್ಟದೆ ಗ್ರಾಹಕನ ಕೈಗೆ ಸಿಗುವಂತೆ ಬಿಡಬೇಕು. ಗ್ರಾಹಕ ಅರ್ಜಿ ಹಾಕಬೇಕಾಗಿಲ್ಲ, ಯಾವ ದಾಖಲೆಯನ್ನೂ ತೋರಿಸಬೇಕಾಗಿಲ್ಲ. ಇದು ಸಾಧ್ಯವಾದದ್ದು, ಸರ್ಕಾರ ಕಳಿಸುವ ಪಾವತಿಯ ಕಡತದಲ್ಲೇ ಇದು ರಕ್ಷಿತ ಹಣ ಎಂದು ತಿಳಿಸುವ ಸಂಕೇತವೊಂದನ್ನು ಸೇರಿಸಿದ್ದರಿಂದ. ಮಕ್ಕಳ ಜೀವನಾಂಶದ ಬಾಕಿಗೂ ಸರ್ಕಾರಕ್ಕೇ ಕೊಡಬೇಕಾದ ಬಾಕಿಗೂ ಅಲ್ಲಿ ವಿನಾಯಿತಿ ಇದೆ. ಬ್ಯಾಂಕು ತನ್ನದೇ ಬಾಕಿಗೆ ಹಣ ಹಿಡಿದುಕೊಳ್ಳುವ ಪ್ರಶ್ನೆಯನ್ನು ಆ ನಿಯಮವೂ ಪೂರ್ತಿ ಬಗೆಹರಿಸಿಲ್ಲ. ಜರ್ಮನಿಯಲ್ಲಿ 2010ರಿಂದ ಬೇರೆಯೇ ದಾರಿ ಇದೆ: ಯಾರು ಬೇಕಾದರೂ ತಮ್ಮ ಖಾತೆಯನ್ನು ರಕ್ಷಿತ ಖಾತೆಯಾಗಿ ಬದಲಿಸಿಕೊಳ್ಳಬಹುದು, ಆಗ ತಿಂಗಳ ಜೀವನಕ್ಕೆ ಬೇಕಾಗುವಷ್ಟು ನಿಗದಿತ ಮೊತ್ತ ಜಪ್ತಿಯಿಂದ ತಾನಾಗಿಯೇ ಹೊರಗುಳಿಯುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಯಂತ್ರ ಈಗಾಗಲೇ ಇದೆ, ಅದೂ ಅಮೆರಿಕದ್ದಕ್ಕಿಂತ ಅಚ್ಚುಕಟ್ಟಾಗಿ. ಆಧಾರ್ ಮೂಲಕ ಬರುವ ಪಾವತಿ ಬ್ಯಾಂಕುಗಳ ನಡುವಿನ ಪಾವತಿ ಜಾಲವನ್ನು ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆ ನಡೆಸುವ ಪ್ರತ್ಯೇಕ ಸೇತುವೆಯಿಂದಲೇ ಬರುತ್ತದೆ, ಪಾಸ್‌ಬುಕ್ಕಿನಲ್ಲೂ ಅದರ ಗುರುತು ಬೇರೆಯಾಗಿಯೇ ಅಚ್ಚಾಗುತ್ತದೆ. ಈ ದಾರಿಯಿಂದ ಬಂದ ಹಣವನ್ನು ಬಿಟ್ಟು ಉಳಿದದ್ದನ್ನು ಮಾತ್ರ ವಸೂಲಿಗೆ ಲೆಕ್ಕ ಹಾಕು ಎಂದು ಕೋರ್ ಬ್ಯಾಂಕಿಂಗಿಗೆ ಹೇಳಿಕೊಡುವುದು ಕಷ್ಟದ ಕೆಲಸವಲ್ಲ. ವರ್ಷವರ್ಷವೂ ಬಡ್ಡಿ ರಿಯಾಯಿತಿಯ ಹತ್ತಾರು ಬಗೆಯ ಲೆಕ್ಕವನ್ನು ತಪ್ಪಿಲ್ಲದೆ ಮಾಡುವ ಅದೇ ಕಂಪ್ಯೂಟರಿಗೆ ಇದೊಂದು ಅಸಾಧ್ಯವೆಂದರೆ ನಾನು ನಂಬುವುದಿಲ್ಲ. ರಿಸರ್ವ್ ಬ್ಯಾಂಕು ಒಂದು ಸ್ಪಷ್ಟ ನಿರ್ದೇಶನ ಕೊಟ್ಟರೆ ಒಂದು ಹಣಕಾಸು ವರ್ಷದೊಳಗೆ ಆಗುವ ಕೆಲಸ ಇದು.

ಇದನ್ನು ಹೇಳಿದಾಗಲೆಲ್ಲ ನನ್ನ ಹಳೆಯ ಸಹೋದ್ಯೋಗಿಗಳು, ಹಾಗಾದರೆ ಯಾರೂ ಸಾಲ ಕಟ್ಟುವುದಿಲ್ಲ ಎನ್ನುತ್ತಾರೆ. ಬೆಳೆ ಸಾಲದ ಬಾಕಿ ಲಕ್ಷದ ಲೆಕ್ಕದಲ್ಲಿರುವಾಗ ತಿಂಗಳಿಗೆ 1,200 ರೂಪಾಯಿ ಹಿಡಿದರೆ ಬಡ್ಡಿಯೂ ತೀರುವುದಿಲ್ಲ. ಆ ಹಣ ಬ್ಯಾಂಕಿನ ಲೆಕ್ಕದಲ್ಲಿ ಕಾಣುವಷ್ಟು ದೊಡ್ಡದಲ್ಲ, ಅಜ್ಜಿಯ ಮಾತ್ರೆ ಚೀಟಿಯಲ್ಲಿ ಮಾತ್ರ ದೊಡ್ಡದು. ಸಾಲಕ್ಕೆ ಭದ್ರತೆಯಾಗಿ ಜಮೀನಿನ ಮೇಲೆ ಭೋಜಾ, ಅಂದರೆ ಸಾಲದ ಹೊರೆ, ಇದೆ, ಪಹಣಿಯ 11ನೇ ಕಾಲಂನಲ್ಲಿ ಅದು ದಾಖಲಾಗಿಯೂ ಇದೆ. ವಸೂಲಿಗೆ ಆ ದಾರಿ ತೆರೆದೇ ಇರುವಾಗ ಪಿಂಚಣಿಯನ್ನು ಹಿಡಿಯುವುದರಿಂದ ಬ್ಯಾಂಕಿಗೆ ಆಗುವ ಲಾಭ ತೀರಾ ಅಲ್ಪ.

ವಿಚಿತ್ರವೆಂದರೆ, ಮೈಕ್ರೋ ಫೈನಾನ್ಸ್ ಕಿರುಕುಳದ ಬಗ್ಗೆ ಗದ್ದಲವಾದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಕಿರು ಸಾಲ ಮತ್ತು ಸಣ್ಣ ಸಾಲಗಳ ಸುಗ್ರೀವಾಜ್ಞೆಯಲ್ಲಿ (ಮುಂದೆ ಅದು ಕಾಯ್ದೆಯೇ ಆಯಿತು), ಸರ್ಕಾರಿ ಯೋಜನೆಯ ಸೌಲಭ್ಯ ಪಡೆಯಲು ಬೇಕಾದ ದಾಖಲೆಯನ್ನು ಸಾಲಗಾರರಿಂದ ಬಲವಂತವಾಗಿ ಕಿತ್ತುಕೊಳ್ಳುವುದನ್ನೇ ಅಪರಾಧದ ಪಟ್ಟಿಗೆ ಸೇರಿಸಲಾಗಿದೆ. ಗರಿಷ್ಠ ಶಿಕ್ಷೆ ಹತ್ತು ವರ್ಷದ ಸೆರೆವಾಸದವರೆಗೂ ಇದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಓಣಿಯ ಲೇವಾದೇವಿಗಾರ ಅಜ್ಜಿಯ ಪಾಸ್‌ಬುಕ್ ಕಸಿದುಕೊಂಡರೆ ಜೈಲು, ಬ್ಯಾಂಕು ಪಾಸ್‌ಬುಕ್ಕನ್ನು ಅವರ ಕೈಯಲ್ಲೇ ಬಿಟ್ಟು ಒಳಗಿನ ಹಣ ತೆಗೆದುಕೊಂಡರೆ ಅದು ವಸೂಲಿ.

ಸಾಲವೇ ಇಲ್ಲದವರ ಖಾತೆಗಳೂ ಸ್ತಂಭನಗೊಳ್ಳುತ್ತವೆ. ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆಗಳ, ನವೀಕರಣ ಆಗಿಲ್ಲವೆಂದು ಜನಧನ ಖಾತೆಗಳು ನಿಂತುಹೋಗುವುದು ಇದರಲ್ಲಿ ಅತಿ ಸಾಮಾನ್ಯ. ಇದರ ಬಗ್ಗೆ ರಿಸರ್ವ್ ಬ್ಯಾಂಕು ಕಣ್ಣು ತೆರೆದಿದೆ. 2024ರ ಏಪ್ರಿಲ್‌ನಿಂದ ಜಾರಿಯಾದ ಸೂಚನೆಯಂತೆ, ಸರ್ಕಾರಿ ಯೋಜನೆಗಳ ಹಣಕ್ಕಾಗಿ ತೆರೆದ ಖಾತೆಗಳನ್ನು ಬ್ಯಾಂಕುಗಳು ಪ್ರತ್ಯೇಕವಾಗಿ ಗುರುತಿಸಿ, ವಹಿವಾಟು ಇಲ್ಲವೆಂಬ ಕಾರಣಕ್ಕೆ ಅವುಗಳಿಗೆ ಹಣ ಜಮಾ ಆಗುವುದು ನಿಲ್ಲದಂತೆ ನೋಡಿಕೊಳ್ಳಬೇಕು. ನಿಷ್ಕ್ರಿಯ ಖಾತೆಯನ್ನು ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. 2025ರ ಜೂನ್‌ನಿಂದ ಊರಿನಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಬಳಿಯೇ ಕೆವೈಸಿ ನವೀಕರಣಕ್ಕೆ ಅವಕಾಶವಾಗಿದೆ. ಹಾಗಾಗಿ ಇದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ.

ಸೈಬರ್ ಪೊಲೀಸರ ಸೂಚನೆಯ ಮೇಲೆ ಆಗುವ ಸ್ತಂಭನ ಇದಕ್ಕಿಂತ ತೊಡಕಿನದು. ಯಾರೋ ಎಲ್ಲಿಯೋ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿರುತ್ತಾರೆ, ಆ ಹಣ ನಾಲ್ಕಾರು ಖಾತೆಗಳನ್ನು ದಾಟಿ ನಮ್ಮೂರಿನ ಕಿರಾಣಿ ಅಂಗಡಿಯವನ ಖಾತೆಗೆ ಕೆಲವು ನೂರು ರೂಪಾಯಿಯಾಗಿ ಬಂದಿರುತ್ತದೆ, ಇಡೀ ಖಾತೆ ನಿಂತುಹೋಗುತ್ತದೆ. ಇಂಥ ಸಂದರ್ಭದಲ್ಲಿ ಯಾವ ಠಾಣೆಯ ಯಾವ ದೂರಿನ ಸಂಖ್ಯೆಯ ಮೇಲೆ ತಡೆ ಬಂದಿದೆ, ತಕರಾರಿನ ಮೊತ್ತ ಎಷ್ಟು ಎಂಬುದನ್ನು ಬ್ಯಾಂಕಿನಿಂದ ಬರವಣಿಗೆಯಲ್ಲೇ ಕೇಳಿ ಪಡೆಯಬೇಕು. ತಡೆ ಆ ಮೊತ್ತಕ್ಕಷ್ಟೇ ಇರಲಿ ಎಂದು ತನಿಖಾಧಿಕಾರಿಗೂ, ಅಗತ್ಯವಾದರೆ ಮ್ಯಾಜಿಸ್ಟ್ರೇಟರಿಗೂ ಕೋರಬಹುದು.

ಸಾಲಕ್ಕೆ ಪಿಂಚಣಿ ಹೋಗುತ್ತಿರುವವರು ಮೊದಲು ಮಾಡಬೇಕಾದದ್ದು ಪಾಸ್‌ಬುಕ್ಕನ್ನು ಪೂರ್ತಿ ಅಚ್ಚು ಹಾಕಿಸುವುದು. ಬಾಯಿಮಾತಿನ ದೂರಿಗಿಂತ ಆ ಜೋಡಿ ಸಾಲುಗಳು ಹೆಚ್ಚು ಮಾತಾಡುತ್ತವೆ. ಪಿಂಚಣಿಯ ಆದೇಶ ಪತ್ರದ ನಕಲಿನೊಂದಿಗೆ ಶಾಖೆಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಅರ್ಜಿಯಲ್ಲಿ ಯಾವ ಯೋಜನೆಯ ಹಣ, ಯಾವ ತಾರೀಖಿನಲ್ಲಿ ಬಂತು, ಯಾವ ತಾರೀಖಿನಲ್ಲಿ ಸಾಲಕ್ಕೆ ಹೋಯಿತು, 1871ರ ಕಾಯ್ದೆಯ 11 ಮತ್ತು 12ನೇ ಕಲಮು, ಸಿಪಿಸಿಯ 60ನೇ ಕಲಮು ಇಷ್ಟನ್ನು ಬರೆದರೆ ಸಾಕು, ಕಣ್ಣೀರಿನ ಕಥೆ ಬೇಕಾಗಿಲ್ಲ. ಓಣಿಯ ಅಜ್ಜಿಗೆ ನಾನು ಬರೆದುಕೊಟ್ಟದ್ದು ಅರ್ಧ ಪುಟದ ಅರ್ಜಿ. ಹಿಡಿದ ಹಣದಲ್ಲಿ ಒಂದಿಷ್ಟು ಮರಳಿ ಬಂತು, ಜೋಡಣೆ ತೆಗೆದರು. ಹಳೆಯ ತಿಂಗಳುಗಳದ್ದು ಮಾತ್ರ ಬರಲಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ತಕರಾರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಅದರ ಜೊತೆಗೇ ದೂರಿನ ಒಂದೊಂದು ನಕಲನ್ನು ತಹಶೀಲ್ದಾರರಿಗೂ, ಜಿಲ್ಲೆಯ ಬ್ಯಾಂಕುಗಳ ನಡುವೆ ಹೊಂದಾಣಿಕೆ ನೋಡಿಕೊಳ್ಳುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೂ ಕಳಿಸುವುದು ಒಳ್ಳೆಯದು. ಅನುಭವದಲ್ಲಿ ಬೇಗ ಕೆಲಸ ಮಾಡುವುದು ಈ ಎರಡನೆಯ ನಕಲು.

ಕೋರ್ಟಿನಿಂದಲೇ ಜಪ್ತಿ ಆದೇಶ ಬಂದಿದ್ದರೆ ಅರ್ಜಿ ಹೋಗಬೇಕಾದ್ದು ಬ್ಯಾಂಕಿಗಲ್ಲ, ಅಮಲ್ಜಾರಿ ನಡೆಸುತ್ತಿರುವ ನ್ಯಾಯಾಲಯಕ್ಕೆ, ಸಿಪಿಸಿಯ 47ನೇ ಕಲಮಿನಡಿ. ಅದಕ್ಕೆ ವಕೀಲರು ಬೇಕು. ಹೆಂಗಸರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು, ಸಮಿತಿಯ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಇನ್ನು ಮುಂದಿನ ತಿಂಗಳ ಹಣವನ್ನಾದರೂ ಉಳಿಸಿಕೊಳ್ಳುವ ಸುಲಭ ಉಪಾಯವೊಂದಿದೆ. ಆಧಾರ್ ಮೂಲಕ ಬರುವ ಹಣ, ಎನ್‌ಪಿಸಿಐ ಪಟ್ಟಿಯಲ್ಲಿ ಕೊನೆಯದಾಗಿ ಯಾವ ಬ್ಯಾಂಕಿನ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲೋ, ಊರಿನ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲೋ ಖಾತೆ ತೆರೆದು, ಸರ್ಕಾರಿ ಹಣಕ್ಕೆ ಈ ಖಾತೆಯನ್ನೇ ಜೋಡಿಸಿ ಎಂದು ಒಪ್ಪಿಗೆ ಪತ್ರ ಕೊಟ್ಟರೆ ಹಳೆಯ ಜೋಡಣೆ ತಾನಾಗಿ ಬಿಟ್ಟುಹೋಗುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ, ಸಾಲ ಸಾಲವಾಗಿಯೇ ಉಳಿಯುತ್ತದೆ. ಬರೀ ಖಾತೆಗೆ ಆಧಾರ್ ಕೊಟ್ಟರೆ ಸಾಲದು, ಎನ್‌ಪಿಸಿಐ ಜೋಡಣೆ ಬೇರೆಯೇ ಎಂಬುದನ್ನು ಮಾತ್ರ ನೆನಪಿಡಬೇಕು. ಹೊಸ ಖಾತೆ ತೆರೆದೂ ಹಣ ಹಳೆಯ ಕಡೆಗೇ ಹೋಗುತ್ತಿದ್ದರೆ ಕಾರಣ ಇದೇ.

ವಿಎಸ್‌ಎಸ್‌ಎನ್ ಎಂದು ಕರೆಯುವ ಊರಿನ ಕೃಷಿ ಸಹಕಾರ ಸೊಸೈಟಿಗಳಲ್ಲಿ ಸಾಲ ಇರುವವರಿಗೆ ಮೇಲಿನ ದಾರಿಗಳಲ್ಲಿ ಒಂದು ಮುಚ್ಚಿದೆ: ಪ್ರಾಥಮಿಕ ಕೃಷಿ ಸಹಕಾರ ಸಂಘಗಳ ಮೇಲೆ ಒಂಬುಡ್ಸ್‌ಮನ್‌ಗೆ ಅಧಿಕಾರವಿಲ್ಲ. ಅಲ್ಲಿಯ ದೂರನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಕೊಡಬೇಕು, ಅದಕ್ಕೂ ಸ್ವೀಕೃತಿ ಪಡೆಯಬೇಕು.